ತಾವು ಬಂದ ದಿನ ಧೂಳು ಊರಲ್ಲಿರಲಿಲ್ಲ

ಆರೋಗ್ಯ ಖಾತೆಯ ಅಧಿಕಾರಿ ಮಾನ್ಯರೇ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಕಾಲೇಜಿನ ಮೊದಲ ವರ್ಷದ ಹುಡುಗನೊಬ್ಬ ತಮ್ಮಂಥ ಅಧಿಕಾರಿಗಳಿಗೆ ಪತ್ರಿಕೆಯಲ್ಲಿ ಎಲ್ಲರೂ ಓದುವಂತೆ ಪತ್ರ ಬರೆಯುವುದು ಮ್ಯಾನರ್ಸ್ ಅಲ್ಲವೆಂದು ನನಗೆ ಗೊತ್ತು. ನಾಲ್ಕನೆಯ ಇಯತ್ತೆಯಿಂದ ಬೋರ್ಡಿಂಗಿನಲ್ಲೇ ಬೆಳೆದವನು ನಾನು. ಅಲ್ಲಿ ಕಲಿಸಿದ ಅರ್ಜಿಗಳೆಲ್ಲ 'ಆಯ್ ಬೆಗ್ ಟು ಸ್ಟೇಟ್' ಎಂದು ಶುರುವಾಗಿ, 'ತಮ್ಮ ಅತ್ಯಂತ ವಿಧೇಯ ಸೇವಕ' ಎಂದು ಮುಗಿಯುತ್ತಿದ್ದವು. ನಡುವೆ ಏನು ಬರೆಯಬೇಕೆಂಬುದನ್ನು ಯಾರೂ ಅಷ್ಟಾಗಿ ಹೇಳಿಕೊಡಲಿಲ್ಲ. ಆ ಪದ್ಧತಿಯಂತೆಯೇ ಬೇಡಿಕೊಂಡು ಎರಡು ಅರ್ಜಿ ಬರೆದು ನೋಡಿದೆ. ಅರ್ಜಿದಾರನಾಗಿ ಹೋದವನು ಆರೋಪಿಯಾಗಿ ಹೊರಬಂದೆ.

ಸಂಗತಿ ಇಷ್ಟು. ಗಿರಣಿಯ ಧೂಳಿನಿಂದ ನನ್ನ ಮೂಗು ಕಟ್ಟಿಹೋಗಿದೆ ಎಂದು ನಾನು ದೂರಿಕೊಂಡೆ. ತಾವು ಖುದ್ದಾಗಿ ಬಂದು ನೋಡಿ, ಧೂಳೇ ಇಲ್ಲವೆಂದೂ, ಓಣಿಯಲ್ಲಿದ್ದ ಹೊಗೆಯೆಲ್ಲ ನನ್ನ ಕೋಣೆಯದೇ ಎಂದೂ ಷರಾ ಬರೆದಿರಿ. ಆ ಷರಾದ ದೆಸೆಯಿಂದ ಬರುವ ಸೋಮವಾರ ನಾನು ಹಾಸ್ಟೆಲ್ ಬಿಡಬೇಕಾಗಿದೆ. ಗದಗಿನಲ್ಲಿ ನನಗೆ ನೆಂಟರಿಲ್ಲ. ಹಾಸ್ಟೆಲ್ ಹೋದರೆ ಕಾಲೇಜೂ ಹೋಯಿತು.

ಮೊದಲು ನನ್ನ ಮೂಗಿನ ಪರಿಚಯ ಮಾಡಿಕೊಡಬೇಕು, ಏಕೆಂದರೆ ತಾವು ಅದನ್ನು ಭೇಟಿಯಾದ ದಿನ ಅದು ಬೇರೆಯವರ ಮೂಗಿನಂತೆ ವರ್ತಿಸಿತು. ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಯಿಂದ ಕಳೆದ ಜೂನ್ ತಿಂಗಳಲ್ಲಿ ನಾನು ಇಲ್ಲಿಗೆ ಬಂದಾಗ ಅದು ಸರಿಯಾಗಿಯೇ ಇತ್ತು. ನಮ್ಮ ಹಾಸ್ಟೆಲ್ ಬೆಟಗೇರಿಯ ಹಾದಿಯಲ್ಲಿ ಒಂದು ಗಿರಣಿಗೂ ರೈಲಿನ ಯಾರ್ಡಿಗೂ ನಡುವೆ ಸಿಕ್ಕಿಕೊಂಡಿದೆ. ಯಾರ್ಡಿನಿಂದ ಕಲ್ಲಿದ್ದಲಿನ ಹೊಗೆ ಬರುತ್ತದೆ. ಗಿರಣಿಯವರು ಸುಗ್ಗಿಗೊಂದು ಬಗೆಯ ಧೂಳು ಕೊಡುತ್ತಾರೆ: ದೀಪಾವಳಿಯ ಸುತ್ತಮುತ್ತ ಶೇಂಗಾ ಸಿಪ್ಪೆಯದು, ಸಂಕ್ರಾಂತಿ ಕಳೆದ ಮೇಲೆ ಹತ್ತಿಯದು. ಇವೆರಡೂ ಸಾಲದೆಂದು ಮಾಲು ತರುವ ಚಕ್ಕಡಿಗಳು ಮುಂದಿನ ಮಣ್ಣಿನ ರಸ್ತೆಯನ್ನು ದಿನವಿಡೀ ಹಿಟ್ಟು ಬೀಸಿದಂತೆ ಬೀಸಿ ನಮ್ಮ ಕಿಟಕಿಗೆ ಬಡಿಸುತ್ತವೆ. ದವಾಖಾನೆಯ ಡಾಕ್ಟರು ನನ್ನ ಹುಬ್ಬಿನ ಮೇಲೆ ಬೆರಳಿನಿಂದ ಕುಟ್ಟಿ, ನಾನು ಅತ್ತದ್ದನ್ನು ನೋಡಿ, "ಸೈನಸ್" ಎಂದರು. ಹವಾ ಬದಲಿಸಬೇಕೆಂದರು. ಹವಾ ಬದಲಿಸುವುದು ನನ್ನ ಕೈಯಲ್ಲಿದೆಯೇ? ಅದಕ್ಕೆಂದೇ ಒಂದು ಖಾತೆ ಇದೆಯಲ್ಲವೇ?

ಸೈನಸ್ ಎಂದರೆ ಸಣ್ಣ ನೆಗಡಿ ಎಂದು ತಾವು ತಿಳಿದಿರಬಹುದು. ನೆಗಡಿ ಬಂದು ಹೋಗುವ ಅತಿಥಿ. ಇದು ಮನೆ ಅಳಿಯ. ತಲೆ ಬಗ್ಗಿಸಿದರೆ ಹಣೆಯೊಳಗೆ ಯಾರೋ ಕಲ್ಲು ಉರುಳಿಸಿದಂತಾಗುತ್ತದೆ, ಆದ್ದರಿಂದ ನಾನು ಗೋಡೆಗೆ ಪುಸ್ತಕ ಆನಿಸಿ ಓದುತ್ತೇನೆ. ರುಚಿ ಎಂಬುದು ನೆನಪಿನ ಮಾತು. ಹೋದ ತಿಂಗಳು ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಒಂದು ಗ್ಯಾಸ್ ತಯಾರಿಸಿ ಅದರ ವಾಸನೆ ಬರೆಯಲು ಹೇಳಿದರು. ನಾನು ಶ್ರದ್ಧೆಯಿಂದ ಮೂಸಿ 'ವಾಸನೆ ಇಲ್ಲ' ಎಂದು ಬರೆದು ತಲೆ ಎತ್ತಿದರೆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಕೊಳೆತ ಮೊಟ್ಟೆಯ ನಾತಕ್ಕೆ ಪ್ರೊಫೆಸರರೂ ಸೇರಿ ಎಲ್ಲರೂ ಹೊರಗೆ ಬಯಲಿಗೆ ಓಡಿದ್ದರು. ನಾನು ಮಾತ್ರ ಒಳಗೆ ಶಾಂತವಾಗಿ ಎರಡನೆಯ ಪ್ರಶ್ನೆ ಶುರುಮಾಡಿದ್ದೆ.

ಕೋಣೆಯಲ್ಲಿ ನನ್ನ ಜೊತೆಗಿರುವವನು ಲಕ್ಷ್ಮೇಶ್ವರದ ರಹಮಾನಸಾಬ. ನನ್ನ ಗೊರಕೆ ಕೇಳುತ್ತ ಮಲಗುವುದನ್ನು ರೂಢಿಸಿಕೊಂಡಿದ್ದಾನೆ. "ನೀ ಗೊರಕಿ ನಿಲ್ಲಿಸಿದ್ರ ನನಗ ಎಚ್ಚರ ಆಗ್ತೈತಿ ದೋಸ್ತ, ಸತ್ತಗಿತ್ತ ಹೋದಿ ಏನೋ ಅಂತ" ಎನ್ನುತ್ತಾನೆ. ನವೆಂಬರ್ ಒಂದನೆಯ ತಾರೀಖು ನಾಡು ಒಂದಾದ ಸಂಭ್ರಮಕ್ಕೆ ಮೆರವಣಿಗೆ ಹೊರಟಾಗ ನಾವಿಬ್ಬರೂ ಜೊತೆಗೇ ಹೋಗಿದ್ದೆವು. ಶೇಂಗಾ ಧೂಳು ಜೋರಾಗಿದ್ದ ದಿನಗಳವು. ನನ್ನ ಕಣ್ಣಿನಿಂದ ಧಾರಾಕಾರ ನೀರು ಇಳಿಯುವುದನ್ನು ಕಂಡು ಖಾದಿ ಟೊಪ್ಪಿಗೆಯ ಹಿರಿಯರೊಬ್ಬರು ಬೆನ್ನು ತಟ್ಟಿ, "ಇಂಥಾ ನಾಡಭಕ್ತಿ ಇರಬೇಕ್ ನೋಡ್ರಿ ಹುಡುಗರಿಗೆ" ಎಂದರು. ಅರ್ಧ ಭಕ್ತಿಯೂ ಇತ್ತೆನ್ನಿ. ಉಳಿದರ್ಧ ಸಿಪ್ಪೆ.

ನಾನು ಮೊದಲ ಅರ್ಜಿ ಹಾಕಿದ್ದು ಅಕ್ಟೋಬರಿನಲ್ಲಿ. ಜನವರಿಯಲ್ಲಿ ಕಚೇರಿಗೆ ಹೋಗಿ ವಿಚಾರಿಸಿದರೆ ಅಲ್ಲಿನ ಕಾರಕೂನರು ನನ್ನನ್ನು ಬಹಳ ಕನಿಕರದಿಂದ ನೋಡಿದರು.

"ತಮ್ಮಾ, ನೀ ಅರ್ಜಿ ಕೊಟ್ಟಿದ್ದು ಮುಂಬೈ ಸರಕಾರಕ್ಕ. ಆ ಸರಕಾರ ಈಗ ಇಲ್ಲಿಲ್ಲ."

"ಧೂಳು ಇಲ್ಲೇ ಐತಲ್ರಿ, ಸರ್."

"ಅದು ಮುಂಬೈ ಕಾಲದ ಧೂಳು. ಈಗಿಂದು ಮೈಸೂರು ರಾಜ್ಯದ ಧೂಳು. ಅದಕ್ಕ ಬ್ಯಾರೆ ಅರ್ಜಿ ಬೇಕು. ಮ್ಯಾಲಾಗಿ ನೀ ಬರದಿದ್ದು ಶೇಂಗಾ ಧೂಳು. ಈಗ ಹತ್ತಿ ನಡದೈತಿ. ನಾವು ಏನಂತ ಮುಂದ ಕಳಸೂದು, ನೀನ ಹೇಳು?"

ಹೊರಗೆ ಕಾಯುತ್ತ ನಿಂತಿದ್ದ ರಹಮಾನಸಾಬನಿಗೆ ಇದನ್ನು ಹೇಳಿದರೆ ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮೂರು ಮೊದಲ ಸಂಸ್ಥಾನದಾಗ ಇತ್ತು, ಆಮ್ಯಾಲೆ ಮುಂಬೈದಾಗ, ಈಗ ಮೈಸೂರದಾಗ. ಊರು ಒಂದ್ ಹೆಜ್ಜಿ ಸರದಿಲ್ಲ ನೋಡಪಾ. ಹಂಗ ನಿನ್ನ ಧೂಳು" ಎಂದ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗುತ್ತ ಬಂತು, ನಾಡು ಒಂದಾಯಿತು. ನನ್ನ ಮೂಗಿನ ಎರಡು ಹೊಳ್ಳೆಗಳು ಮಾತ್ರ ಇನ್ನೂ ಸರದಿಯ ಮೇಲೆ ಕೆಲಸ ಮಾಡುತ್ತಿವೆ. ಇರಲಿ. ಎರಡನೆಯ ಅರ್ಜಿ ಬರೆದೆ. ಈ ಸಲ ತಾವೇ ಸ್ಥಳ ಪರಿಶೀಲನೆಗೆ ಬರುತ್ತೀರೆಂದು, ದಿನ ಮತ್ತು ಗಂಟೆ ಸಮೇತ, ಕಾಗದ ಬಂತು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಕಾಗದವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಅದೇ ಕಾಗದದ ಪ್ರತಿ ಗಿರಣಿಯವರಿಗೂ ರಸ್ತೆಯ ಖಾತೆಯವರಿಗೂ ಹೋಗಿತ್ತೆಂದು ನನಗೇನು ಗೊತ್ತು?

ಆ ದಿನ ಬೆಳಗಿನ ಜಾವ ಕಿಟಕಿಯ ಹೊರಗೆ ಸೊರ್ರೆಂದು ಸಪ್ಪಳವಾಯಿತು. ನೋಡಿದರೆ ನೀರಿನ ಬಂಡಿ! ನಾನು ಈ ಊರಿಗೆ ಬಂದಾಗಿನಿಂದ ಅದನ್ನು ಕಂಡಿರಲಿಲ್ಲ. ಬಂಡಿ ಹೊಡೆಯುವ ಪುಂಡಲೀಕಪ್ಪ ಎತ್ತುಗಳನ್ನು ಹಿಂದೆ ಮುಂದೆ ನಡೆಸಿ ನಮ್ಮ ರಸ್ತೆಯನ್ನು ಸಾರಿಸಿದ ಅಂಗಳದಂತೆ ಮಾಡುತ್ತಿದ್ದ.

"ಇದೇನು ಕಾಕಾ, ಇವತ್ತ?" ಎಂದೆ.

"ಯಾರೋ ಸಾಹೇಬ್ರು ಧೂಳ ನೋಡಾಕ ಬರ್ತಾರಂತ. ಅವ್ರ ಮ್ಯಾಲೆ ಧೂಳ ಬೀಳಬಾರದು, ಭರಪೂರ ನೀರು ಹೊಡಿ ಅಂದಾರ."

ಪುಂಡಲೀಕಪ್ಪನದು ತಪ್ಪೆನ್ನಲಾರೆ. ನಮ್ಮ ಕಡೆ ಹಿರಿಯರು ಬರುತ್ತಾರೆಂದರೆ ಅಂಗಳಕ್ಕೆ ನೀರು ಹಾಕುತ್ತಾರೆ, ಅದು ಮರ್ಯಾದೆ. ಗಿರಣಿಯವರೂ ಮರ್ಯಾದಸ್ಥರೇ. ಅಂದು ಯಂತ್ರಗಳಿಗೆಲ್ಲ ಎಣ್ಣೆ ಬಿಡುವ ದಿನವೆಂದು ಗೇಟಿಗೆ ಬೀಗ ಹಾಕಿಕೊಂಡರು. ಮರ್ಯಾದೆ ಇಷ್ಟಕ್ಕೇ ನಿಂತಿದ್ದರೂ ನಾನು ಬಚಾವಾಗುತ್ತಿದ್ದೆ. ಆದರೆ ನಮ್ಮ ಹಾಸ್ಟೆಲಿನ ಅಡುಗೆಯ ದುರಗವ್ವಳಿಗೂ ಸಾಹೇಬರ ಮೇಲೆ ಗೌರವವಿತ್ತು.

"ಯಪ್ಪಾ, ಸಾಹೇಬ್ರ ಮುಂದ ಹಿಂಗ ಮೂಗಿನಾಗ ಮಾತಾಡಿದ್ರ ಅವ್ರಿಗೇನ್ ತಿಳೀತೈತಿ? ಇತ್ತ ಕುಂಡ್ರು" ಎಂದು ನನ್ನನ್ನು ಕೋಣೆಯಲ್ಲಿ ಕೂರಿಸಿ, ಒಲೆಯಿಂದ ಕೆಂಡ ತಂದು, ಅದರ ಮೇಲೆ ಅರಿಶಿನದ ಕೊಂಬು ಇಟ್ಟು, ತಲೆಯ ಮೇಲೆ ಕಂಬಳಿ ಹೊದಿಸಿದಳು. ಕಟ್ಟಿದ ಮೂಗಿಗೆ ಅರಿಶಿನದ ಹೊಗೆ ನಮ್ಮಲ್ಲಿ ಹಸುಗೂಸಿಗೂ ಗೊತ್ತಿರುವ ಔಷಧ. "ಎಳಕೋ, ಇನ್ನಷ್ಟು ಎಳಕೋ, ಲಾಯರನಂಗ ಮಾತಾಡಬೇಕು ನೀ" ಎಂದು ಹುರಿದುಂಬಿಸುತ್ತ ಆಕೆ ಇನ್ನೆರಡು ಕೊಂಬು ಹಾಕಿದಳು. ಹೊಗೆ ಕಿಟಕಿಯಿಂದ, ಬಾಗಿಲಿನಿಂದ, ಹಂಚಿನ ಸಂದಿಯಿಂದ ಹೊರಟಿತು. ಅದೇ ಹೊತ್ತಿಗೆ ತಮ್ಮ ಜೀಪು ಬಂತು. ತಿಳಿಸಿದ ಗಂಟೆಗೆ ಸರಿಯಾಗಿ ಬಂತು ಎಂಬುದನ್ನು ತಮ್ಮ ಪ್ರಶಂಸೆಗಾಗಿಯೇ ಇಲ್ಲಿ ಬರೆಯುತ್ತಿದ್ದೇನೆ.

ಕಂಬಳಿ ಸರಿಸಿ ನೋಡಿದಾಗ ಬಾಗಿಲಲ್ಲಿ ತಾವಿದ್ದಿರಿ. ಏಕೀಕರಣದ ನಂತರ ನಾನು ಮುಖಾಮುಖಿ ಕಂಡ ಮೊದಲ ಮೈಸೂರು ಸೀಮೆಯವರು ತಾವೇ. ಆ ಗಳಿಗೆಯನ್ನು ಬೇರೆ ರೀತಿ ಊಹಿಸಿಕೊಂಡಿದ್ದೆ.

"ಏನಯ್ಯಾ ಇದು, ಬೆಂಕಿ ಬಿದ್ದಿದೆಯಾ?" ಎಂದಿರಿ.

"ಇಲ್ಲ ಸರ್. ಟ್ರೀಟ್‌ಮೆಂಟ್, ಸರ್."

"ಅರ್ಜಿ ಕೊಟ್ಟೋನು ನೀನೇನಾ? ಎಲ್ಲಿದೆ ನಿನ್ನ ಧೂಳು?"

ಹೊರಗೆ ಕರೆದುಕೊಂಡು ಹೋದೆ. ರಸ್ತೆ ತೊಳೆದ ತಟ್ಟೆಯಂತೆ ಹೊಳೆಯುತ್ತಿತ್ತು. ಒದ್ದೆ ಮಣ್ಣಿನ ಪರಿಮಳ, ದೇವರಾಣೆ, ನನಗೂ ಬಂತು. ಅರಿಶಿನದ ಮಹಿಮೆಯೋ ನೀರಿನ ಮಹಿಮೆಯೋ, ಎಂಟು ತಿಂಗಳಲ್ಲಿ ಮೊದಲ ಬಾರಿ ನನ್ನ ಎರಡೂ ಹೊಳ್ಳೆಗಳು ಒಟ್ಟಿಗೆ ತೆರೆದುಕೊಂಡಿದ್ದವು. ಇದು ಎವಿಡೆನ್ಸ್ ಅಲ್ಲ, ಎವಿಡೆನ್ಸಿನ ಶವಸಂಸ್ಕಾರ.

"ಎಲ್ಲಿ, ಒಂದು ಸಲ ಸೀನು ನೋಡೋಣ" ಎಂದಿರಿ.

ಸರ್, ಹುಕುಂ ಮೇರೆಗೆ ಸೀನು ಬರುವುದೇ? ಆದರೂ ಪ್ರಯತ್ನಪಟ್ಟೆ. ಸೂರ್ಯನನ್ನು ನೋಡಿದೆ, ಬಾಯಿ ತೆರೆದೆ, ಮುಖ ಸೊಟ್ಟ ಮಾಡಿದೆ. ಹಿಂದಿನಿಂದ ರಹಮಾನಸಾಬ ಹಲ್ಲು ಕಚ್ಚಿ ಪಿಸುಗುಟ್ಟುತ್ತಿದ್ದ: "ಸೀನ್ಲೇ! ದಿನಾ ಓಣಿ ಮಂದಿನ್ನೆಲ್ಲಾ ಎಬ್ಬಸ್ತಿ, ಈಗೇನ್ ಧಾಡಿ ಬಂದೈತಿ ನಿನಗ? ಸೀನ್ಲೇ!" ಬರಲಿಲ್ಲ. ಅಷ್ಟರಲ್ಲಿ ತಾವು ಜೇಬಿನಿಂದ ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಮೈ ನಡುಗುವಂತೆ ಸೀನಿ, ಕರವಸ್ತ್ರದಿಂದ ಮೂಗು ಒರೆಸಿಕೊಂಡು, "ಗಾಳಿ ಬಹಳ ಚೆನ್ನಾಗಿದೆ" ಎಂದಿರಿ. ಅಂದಿನ ಪರಿಶೀಲನೆಯಲ್ಲಿ ಸಂಭವಿಸಿದ ಏಕೈಕ ಸೀನು ತಮ್ಮದು. ಷರಾದಲ್ಲಿ ಅದರ ಉಲ್ಲೇಖವಿಲ್ಲ.

ಜೀಪು ಹೋದ ಮೇಲೆ ರಸ್ತೆ ಊಟದ ಹೊತ್ತಿಗೆ ಒಣಗಿತು, ಸಂಜೆಗೆ ಗಿರಣಿ ಶುರುವಾಯಿತು, ಬೆಳಗ್ಗೆ ಬಾಕಿ ಉಳಿದಿದ್ದ ಸೀನುಗಳೆಲ್ಲ ಸಾಲುಗಟ್ಟಿ ಬಂದವು. "ನಿನ್ನ ಧೂಳು ಭಾಳ ಶಾಣ್ಯಾ ಐತಿ. ಸಾಹೇಬ್ರು ಹೋಗೂಮಟ ನೆಲಕ್ಕ ತಲಿ ಹಚ್ಚಿ ಕುಂತಿತ್ತು" ಎಂದ ರಹಮಾನಸಾಬ. ಕೆಲವು ದಿನಗಳಲ್ಲಿ ತಮ್ಮ ಷರಾ ಬಂತು. 'ಸ್ಥಳದಲ್ಲಿ ಧೂಳು ಕಂಡುಬಂದಿರುವುದಿಲ್ಲ. ಅರ್ಜಿದಾರನ ಕೋಣೆಯಿಂದ ದಟ್ಟವಾದ ಹೊಗೆ ಬರುತ್ತಿರುವುದು ಕಂಡುಬಂದಿರುತ್ತದೆ. ಸದರಿ ಹೊಗೆಯೇ ಆತನ ಬಾಧೆಗೆ ಕಾರಣವಿರಬಹುದಾಗಿದ್ದು, ವಸತಿಗೃಹದವರು ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು.' ಔಷಧವನ್ನೇ ರೋಗವೆಂದು ಬರೆದ ಮೊದಲ ಆರೋಗ್ಯ ಖಾತೆ ನಮ್ಮದೇ ಇರಬೇಕು ಎಂದು, ಭಯದ ನಡುವೆಯೂ, ನನಗೆ ಒಂದು ಕ್ಷಣ ಹೆಮ್ಮೆ ಎನಿಸಿತು.

ನಮ್ಮ ಹಾಸ್ಟೆಲಿನ ಮೇಲ್ವಿಚಾರಕರು ಕೆಟ್ಟವರಲ್ಲ. ಹೆದರಿದವರು. ನನ್ನನ್ನು ಕರೆದು ಕೂರಿಸಿ, "ತಮ್ಮಾ, ನನಗೇನು ನಿನ್ನ ಮ್ಯಾಲೆ ಸಿಟ್ಟಿಲ್ಲ. ಆದ್ರ ಸರಕಾರ ಹೊಸಾದು. ಹೊಸಾ ಸರಕಾರದಿಂದ ನಮಗ ಬಂದ ಮೊದಲನೇ ಕಾಗದದಾಗ ನಮ್ಮ ಹಾಸ್ಟೆಲ್ ಹೆಸರು ಹೊಗಿ ಜೋಡಿ ಬಂದೈತಿ. ನಾಳೆ ಗ್ರ್ಯಾಂಟ್ ನಿಂತ್ರ ಇಷ್ಟು ಹುಡುಗರಿಗೆ ಏನ್ ಉಣ್ಣಾಕ ಹಾಕಲಿ? ದೂರು ಸುಳ್ಳಿತ್ತು, ತಪ್ಪಾತು ಅಂತ ಬರದು ಕೊಡು. ಇಲ್ಲಾ ಸೋಮವಾರ ಕೋಣಿ ಖಾಲಿ ಮಾಡು" ಎಂದರು. ನಾನೂ ಹೆದರಿದವನೇ. ಬರೆದುಕೊಡಲು ಕುಳಿತೆ ಕೂಡ. 'ನನಗೆ ಧೂಳಿನಿಂದ ಯಾವ ತೊಂದರೆಯೂ ಇರುವುದಿಲ್ಲ' ಎಂಬಲ್ಲಿಗೆ ಬರುವಷ್ಟರಲ್ಲಿ ಸೀನು ಬಂದು ಮಸಿಯ ದೌತಿಯೇ ಉರುಳಿಬಿತ್ತು. ಎರಡನೆಯ ಹಾಳೆ ತೆಗೆದುಕೊಂಡೆ, ಅದೇ ಗತಿ. ಸುಳ್ಳು ಹೇಳಲು ನನಗೆ ಧೈರ್ಯವಿತ್ತು, ನನ್ನ ಮೂಗಿಗೆ ಇರಲಿಲ್ಲ.

ಊರಿನಿಂದ ನನ್ನ ಅವ್ವ ಹನಮಂತವ್ವ ಸಂತೆಗೆ ಬಂದವರ ಕೈಯಲ್ಲಿ ಹೇಳಿ ಕಳಿಸಿದ್ದಾಳೆ: "ಮನಿಗೆ ಬಾರೋ ಮಗನ, ಹೊಳಿ ಗಾಳಿಗೆ ಮೂಗು ತಾನ ಬಿಚ್ಚತೈತಿ. ಮೂಗಿಗಿಂತ ದೊಡ್ಡದ ಏನ್ ನಿನ್ನ ಕಾಲೇಜು?" ಅವಳ ವಾದದಲ್ಲಿ ಲಾಜಿಕ್ ಇದೆ. ನನ್ನ ಮೂಗು ಊರಿಗೆ ಹೋಗಲು ಗಂಟುಮೂಟೆ ಕಟ್ಟಿ ತಯಾರಾಗಿದೆ. ನಾನು ತಯಾರಿಲ್ಲ. ನನಗೆ ಓದಬೇಕಾಗಿದೆ ಸರ್. ಗೋಡೆಗೆ ಪುಸ್ತಕ ಆನಿಸಿಯಾದರೂ ಸರಿ. ಓದುವುದಕ್ಕೂ ಉಸಿರಾಡುವುದಕ್ಕೂ ಬೇರೆ ಬೇರೆ ಊರು ಬೇಕೆಂದು ಯಾವ ಸರಕಾರವೂ ಇನ್ನೂ ಕಾಯದೆ ಮಾಡಿಲ್ಲವಷ್ಟೇ?

ಒಂದೇ ಒಂದು ಪ್ರಶ್ನೆ ತಮ್ಮ ಮುಂದಿಡುತ್ತೇನೆ. ರಸ್ತೆಯಲ್ಲಿ ಧೂಳೇ ಇಲ್ಲವೆಂದಾದರೆ ಅಂದು ಅದಕ್ಕೆ ಅಷ್ಟು ನೀರು ಹೊಡೆಸಿದ್ದು ಯಾರ ಬಾಯಾರಿಕೆ ತಣಿಸಲು? ತಾವು ಬರುವ ಮೊದಲು ನನ್ನ ಬಳಿ ದೂರು ಮಾತ್ರ ಇತ್ತು. ಪರಿಹಾರ ಇದೆಯೆಂದು ತೋರಿಸಿಕೊಟ್ಟವರು ತಾವು. ಬಂಡಿ ಇದೆ, ಎತ್ತುಗಳಿವೆ, ನೀರಿದೆ, ಪುಂಡಲೀಕಪ್ಪನಿದ್ದಾನೆ. ಸಾಹೇಬರ ಶ್ವಾಸಕೋಶಕ್ಕೆ ಒಂದು ದಿನ ಸಾಧ್ಯವಾದದ್ದು ಓಣಿಯ ಶ್ವಾಸಕೋಶಗಳಿಗೆ ದಿನವೂ ಏಕೆ ಸಾಧ್ಯವಿಲ್ಲ?

ಆದ್ದರಿಂದ ಈ ಸಲ ಬೇಡಿಕೊಳ್ಳುತ್ತಿಲ್ಲ, ಕೇಳುತ್ತಿದ್ದೇನೆ. ಇನ್ನೊಮ್ಮೆ ಬನ್ನಿ. ಯಾರಿಗೂ ಹೇಳದೆ ಬನ್ನಿ, ಗಿರಣಿ ನಡೆಯುವ ಹೊತ್ತಿಗೆ ಬನ್ನಿ. ನಶ್ಯದ ಡಬ್ಬಿ ಜೀಪಿನಲ್ಲೇ ಇರಲಿ. ನಮ್ಮ ಕಿಟಕಿಯ ಬಳಿ ಒಂದು ಗಂಟೆ ಕುಳಿತು, ಆಮೇಲೆ ತಮಗೆ ಕಂಡದ್ದನ್ನು ಬರೆಯಿರಿ. ಅಲ್ಲಿಯತನಕ ಹಳೆಯ ಷರಾವನ್ನು ತಡೆಹಿಡಿಯಲಾಗಿದೆ ಎಂದು ನಮ್ಮ ಮೇಲ್ವಿಚಾರಕರಿಗೆ ಒಂದು ಸಾಲು ಕಳಿಸಿ. ಒಂದೇ ಸಾಲು ಸಾಕು, ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ.

ಸೋಮವಾರ ಹತ್ತಿರವಿದೆ. ದಯವಿಟ್ಟು ಬೇಗ ಉತ್ತರ ಕೊಡಿ.

ಇಂತಿ,
ಸೋಮವಾರದವರೆಗೆ ಮಾತ್ರ ಈ ವಿಳಾಸದಲ್ಲಿ ಸಿಗುವ,
ಕೊರ್ಲಹಳ್ಳಿಯ ದ್ಯಾಮಪ್ಪ,
ಮೊದಲ ವರ್ಷ, ಸಾಯನ್ಸ್