ನೊಂದವರ ಕುರ್ಚಿಗೆ ಮೂರಕ್ಕೆ ಮೂರು

ಕಪ್ಪತನಗರ
ಬಿಸಿಲುರಜೆಯ ಒಂಬತ್ತನೆಯ ದಿನ, 2171

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ಹೇಳುತ್ತ, ಮಾನ್ಯತೆಯ ತಂಡ ಬರುತ್ತದೆಂದು ಈಗ ಕಡತ ಜೋಡಿಸುತ್ತಿರುವ ಹಿರಿಯರಿಗೆ, ಗುದ್ನೆಪ್ಪ ಮ್ಯಾಗೇರಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ಮೇ ಮುಗಿದು ಜೂನ್ ಶುರುವಾಗುವ ನಡುವೆ ನಾವು ಯಾವ ತಿಂಗಳಿಗೂ ಸೇರದ ಕೆಲವು ದಿನ ಇಟ್ಟುಕೊಂಡಿದ್ದೇವೆ. ಬೇರೆ ತಿಂಗಳುಗಳಿಂದ ಒಂದೊಂದು ದಿನ ಕಡಿದು ಇಲ್ಲಿಗೆ ಜಮಾ ಮಾಡಿದ್ದು. ವರ್ಷದ ಒಟ್ಟು ಮೊತ್ತದಲ್ಲಿ ಹೆಚ್ಚುಕಡಿಮೆ ಇಲ್ಲ. ಆ ದಿನಗಳಲ್ಲಿ ಬಿಸಿಲು ಎಷ್ಟಿರುತ್ತದೆಂದರೆ ಸರ್ಕಾರವೇ ಯಾರೂ ಹೊರಗೆ ಬರಬೇಡಿ ಎನ್ನುತ್ತದೆ. ಮಾಡಲು ಕೆಲಸವಿಲ್ಲದ್ದರಿಂದ ಈ ಪತ್ರ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಹಿಂದಕ್ಕೆ ಹೋಗುವ ಟಪಾಲು ನಮ್ಮ ಕಾಲದಲ್ಲೂ ಬಂದಿಲ್ಲ. ಇದು ಹೇಗೆ ತಲುಪೀತೆಂದು ನನಗೆ ಗೊತ್ತಿಲ್ಲ. ಆದರೂ ಬರೆಯದೆ ಇರಲಾಗುತ್ತಿಲ್ಲ.

ನಾನು ಓದಿದವನಲ್ಲ. ಕೈಗಾಡಿಯ ಮೇಲೆ ಮಿರ್ಚಿ ಕರಿದು ಶುರು ಮಾಡಿ, ಈಗ ಊರಿನಲ್ಲಿ ನಾಲ್ಕು ಜನ ಹೆಸರು ಹೇಳುವಂಥ ಖಾನಾವಳಿ ನಡೆಸುತ್ತೇನೆ. ನನಗೆ ಒಂದು ವಿದ್ಯೆ ಮಾತ್ರ ಚೆನ್ನಾಗಿ ಗೊತ್ತು. ಆರೋಗ್ಯ ಇಲಾಖೆಯವರು ತಪಾಸಣೆಗೆ ಬರುವ ದಿನ ಅಡಿಗೆಮನೆ ಹೇಗೆ ಹೊಳೆಯುತ್ತದೆ ಎನ್ನುವುದು. ಎಲ್ಲಿ ಅಂಥ ಹೊಳಪು ಕಂಡರೂ ನನ್ನ ಕಣ್ಣು ತಾನಾಗಿ ಮೋರಿಯ ಕಡೆ ಹೋಗುತ್ತದೆ.

ನಮ್ಮ ಊರು ಕಪ್ಪತಗುಡ್ಡದ ಕೆಳಗೆ ಬೆಳೆದದ್ದು. ವ್ಯಾಪಾರವೆಲ್ಲ ಬೆಳಗಿನ ಜಾವ ಮತ್ತು ಸಂಜೆಯ ಮೇಲೆ. ಮಧ್ಯಾಹ್ನದ ಉರಿಗೆ ಎಲ್ಲರೂ ತಂಪುಸಂತೆಯೊಳಗೆ ಸೇರುತ್ತಾರೆ. ತಂಪುಸಂತೆ ಎಂದರೆ ದೊಡ್ಡ ಮಾರುಕಟ್ಟೆ. ಅದರ ಚಾವಣಿಯ ಮೇಲೆ ಮೊಣಕಾಲುದ್ದ ಮಣ್ಣು ಹಾಕಿ ಹುಲ್ಲು, ಬಳ್ಳಿ ಬೆಳೆಸಿರುತ್ತಾರೆ. ಮೇಲೆ ಹಸಿರು, ಕೆಳಗೆ ತಂಪು. ಅಲ್ಲಿಯೇ ಕಾಯಿಪಲ್ಲೆ ಮಾರುತ್ತಾರೆ, ಅಲ್ಲಿಯೇ ಮುದುಕರು ಮಲಗುತ್ತಾರೆ, ಮಕ್ಕಳು ಪಾಠ ಓದುತ್ತಾರೆ. ಮಳೆಯೂ ನಿಮ್ಮ ಕಾಲದ ಹಾಗೆ ತಿಂಗಳುಗಟ್ಟಲೆ ಸುರಿಯುವುದಿಲ್ಲ. ಇಡೀ ಹಂಗಾಮಿನ ಮಳೆ ಒಂದೆರಡು ಸಲಕ್ಕೆ ಮೈಮೇಲೆ ಬೀಳುತ್ತದೆ. ಅದಕ್ಕಾಗಿ ಊರಲ್ಲಿ ಮೋಡಗಂಟೆ ಇದೆ. ದೊಡ್ಡ ಮಳೆ ಗುಡ್ಡ ದಾಟುತ್ತಲೇ ಗಂಟೆ ಬಾರಿಸುತ್ತದೆ. ಗಂಟೆ ಕೇಳಿದರೆ ಎಲ್ಲರೂ ಹತ್ತಿರದ ಚಾವಣಿಯ ಕೆಳಗೆ ಓಡಬೇಕೆಂದು ಕಾನೂನು.

ನನ್ನ ಹೆಂಡತಿ ಕಾನೂನು ಪಾಲಿಸುವ ಹೆಂಗಸು. ಗಂಟೆ ಕೇಳಿ, ಕೊತ್ತಂಬರಿ ಸಿವುಡು ಕೈಯಲ್ಲಿ ಹಿಡಿದುಕೊಂಡೇ ತಂಪುಸಂತೆಯೊಳಗೆ ಓಡಿದಳು. ಚಾವಣಿ ಅವಳ ಮೇಲೆ, ಒಳಗಿದ್ದವರೆಲ್ಲರ ಮೇಲೆ ಬಿತ್ತು. ಕಾರಣ ಬಹಳ ಸಣ್ಣದಿತ್ತು. ಮಳೆನೀರು ಹೊರಗೆ ಹೋಗುವ ಕೊಳವೆಯ ಬಾಯನ್ನು ಚಾವಣಿಯ ತಗ್ಗಿಗಿಂತ ಒಂದು ಗೇಣು ಮೇಲೆ ಇಟ್ಟಿದ್ದರು. ನೀರು ನಿಂತಿತು. ನಿಂತ ನೀರಿನ ಭಾರಕ್ಕೆ ಚಾವಣಿ ಬಾಗಿತು, ಬಾಗಿದಷ್ಟೂ ಇನ್ನಷ್ಟು ನೀರು ಅಲ್ಲಿಗೇ ಬಂತು. ಅದನ್ನು ಕಟ್ಟಿಸಿದ ಎಂಜಿನಿಯರ್ ನಮ್ಮೂರ ಕಾಲೇಜಿನಲ್ಲಿಯೇ ಓದಿದವನು. ಅವನ ಕೋರ್ಸಿಗೆ ಮಾನ್ಯತೆ ಇತ್ತು. ನೀರಿನ ಹರಿವಿನ ವಿಷಯದಲ್ಲಿ ವಿದ್ಯಾರ್ಥಿಗಳ ಸಾಧನೆ ಮೂರಕ್ಕೆ ಮೂರು ಎಂದು ಕಡತದಲ್ಲಿ ಬರೆದಿತ್ತು.

ಈ ಮೂರಕ್ಕೆ ಮೂರು ನಿಮ್ಮ ಕಾಲದಿಂದಲೇ ನಮಗೆ ಬಂದ ಆಸ್ತಿ. ಕೋರ್ಸಿನಿಂದ ಏನು ಸಾಧಿಸಬೇಕು, ಎಷ್ಟು ಸಾಧಿಸಿದ್ದೇವೆ ಎಂದು ನೀವು ಗೆರೆ ಎಳೆದು, ಮನೆ ಮನೆ ಮಾಡಿ ತುಂಬಿದ ಕೋಷ್ಟಕಗಳನ್ನು ನಾನು ನೋಡಿದ್ದೇನೆ. ತಪ್ಪು ತಿಳಿಯಬೇಡಿ, ಕೋಷ್ಟಕ ಕೆಟ್ಟದ್ದೆಂದು ಹೇಳುತ್ತಿಲ್ಲ. ಲೆಕ್ಕವಿಲ್ಲದೆ ನನ್ನ ಖಾನಾವಳಿಯೂ ಒಂದು ವಾರ ನಡೆಯುವುದಿಲ್ಲ. ಆದರೆ ಅಕ್ಕಿ ತರದೆ ಅಕ್ಕಿಯ ಲೆಕ್ಕ ಬರೆಯಬಾರದು, ಅಷ್ಟೇ.

ತಂಪುಸಂತೆ ಬಿದ್ದ ಮೇಲೆ ಜನ ದಂಗೆ ಎದ್ದರು. ಕಾನೂನು ಬದಲಾಯಿತು. ಕಡತದಲ್ಲಿ ನೋವು ಇಲ್ಲ, ಅದಕ್ಕೇ ಕಡತ ಸುಳ್ಳು ಹೇಳುತ್ತದೆ ಎಂದು ದೊಡ್ಡವರಿಗೆ ಅನಿಸಿತು. ಹಾಗಾಗಿ ಮಾನ್ಯತೆ ಕೊಡುವ ತಂಡದಲ್ಲಿ ಇಬ್ಬರು ಪ್ರೊಫೆಸರುಗಳ ಜೊತೆ ನೊಂದವರ ಕುರ್ಚಿ ಎಂದು ಒಂದು ಜಾಗ ಮಾಡಿದರು. ಆ ಕಾಲೇಜಿನಲ್ಲಿ ಓದಿದವರು ಕಟ್ಟಿದ್ದರಿಂದ ಯಾರಾದರೂ ಸತ್ತಿದ್ದರೆ, ಸತ್ತವರ ಮನೆಯವರೊಬ್ಬರು ಅಲ್ಲಿ ಕೂಡಬೇಕು. ಕುರ್ಚಿ ಕಾಲೇಜಿನದಲ್ಲ, ಸತ್ತವರು ಮನೆಯಲ್ಲಿ ಕೂಡುತ್ತಿದ್ದದ್ದೇ ಆಗಬೇಕು. ಮೂವರಲ್ಲಿ ಇಬ್ಬರು ಒಪ್ಪಿದರೆ ಮಾನ್ಯತೆ. ಒಪ್ಪದಿದ್ದರೆ ಕೋರ್ಸು ಮುಚ್ಚುತ್ತದೆ; ಆ ವರ್ಷ ಮುಗಿಸುವವರ ಡಿಗ್ರಿಯೂ ಲೆಕ್ಕಕ್ಕೆ ಬರುವುದಿಲ್ಲ. ನಾನು ಅವಳ ಸ್ಟೂಲು ಒಯ್ದೆ. ಗಲ್ಲಾದ ಹಿಂದೆ ಕೂಡಲು ಅವಳೇ ಆರಿಸಿ ತಂದದ್ದು, ಒಂದು ಕಾಲು ಸ್ವಲ್ಪ ಗಿಡ್ಡ.

ಮೊದಲ ಸಲ ಹೋದಾಗ ವಿಭಾಗದ ಮುಖ್ಯಸ್ಥರು ಅಣ್ಣಿಗೇರಿ ಸರ್ ಬಾಗಿಲಲ್ಲಿ ನಿಂತಿದ್ದರು. ಆ ಎಂಜಿನಿಯರನಿಗೆ ಪಾಠ ಹೇಳಿದ್ದವರು ಅವರೇ. ಸ್ಟೂಲು ನೋಡಿದರು, ನನ್ನ ಹೆಂಡತಿಯ ಹೆಸರು ಹೇಳಲು ಬಾಯಿ ತೆರೆದರು, ಆಗಲಿಲ್ಲ. ಗೋಡೆಗೆ ಹಣೆ ಹಚ್ಚಿ ಅತ್ತರು. ವಿದ್ಯಾರ್ಥಿಗಳೂ ಅತ್ತರು. ನನ್ನ ಜೊತೆ ಬಂದಿದ್ದ ಪ್ರೊಫೆಸರುಗಳು ನಮೂನೆಯಲ್ಲಿ ‘ನೊಂದವರ ಬಗ್ಗೆ ಅರಿವು’ ಎನ್ನುವ ಮನೆಯಲ್ಲಿ ಮೂರಕ್ಕೆ ಮೂರು ಬರೆದರು. ಕೊಡಬೇಕಾದದ್ದೇ. ಆದರೆ ಪೂರ್ತಿ ಅಂಕ ತಂದದ್ದನ್ನು ಯಾವ ಕಾಲೇಜು ಬಿಡುತ್ತದೆ ಹೇಳಿ? ಮುಂದಿನ ಸಲ ಹೋದಾಗ ಹೆಸರನ್ನು ವಿದ್ಯಾರ್ಥಿಗಳು ಸಾಲಾಗಿ ನಿಂತು ಹೇಳಿದರು. ಮೂರನೆಯ ಸಲ, ಅಂದರೆ ಹೋದ ವರ್ಷ, ಹೋದಾಗ ಸ್ಟೂಲು ಇಡಲು ವೇದಿಕೆ ಮಾಡಿಸಿ ಮಖಮಲ್ಲು ಹಾಸಿದ್ದರು. ಗಿಡ್ಡ ಕಾಲಿನ ಕೆಳಗೆ ಇಡಲು ಒಂದು ಚಕ್ಕೆಯನ್ನೂ ತಯಾರಿಟ್ಟಿದ್ದರು. ಅಷ್ಟು ನೆನಪಿಟ್ಟಿದ್ದರು ಅವರು. ನಾನು ಎಲ್ಲವನ್ನೂ ನೋಡಿದೆ. ಗೋಡೆಗೆ ಹೊಸ ಬಣ್ಣ. ನನ್ನ ಕಣ್ಣು ಮೋರಿ ಹುಡುಕತೊಡಗಿತು.

ಹೊಸ ಸಭಾಂಗಣದಲ್ಲಿ ಕೊನೆಯ ವರ್ಷದ ಮಕ್ಕಳನ್ನು ನಿಲ್ಲಿಸಿದ್ದರು. ಒಬ್ಬೊಬ್ಬರಿಗೆ ಒಂದೊಂದು ವಾಕ್ಯ. ಮೊದಲಿನವಳು ನನ್ನ ಹೆಂಡತಿಯ ಹೆಸರು ಹೇಳಬೇಕು, ಎರಡನೆಯವನು ವಯಸ್ಸು, ಮೂರನೆಯವನು ಕಾರಣ, ಕೊನೆಯವಳು ಕಲಿತ ಪಾಠ. ಮೊದಲಿನವಳು ಮೆಹರೂನ್ ನದಾಫ್. ಅವಳು ತಲೆಯೆತ್ತಿ ಚಾವಣಿ ನೋಡುತ್ತಿದ್ದಳು.

“ಹೇಳವ್ವಾ, ಹೆಸರು ಹೇಳು,” ಎಂದರು ಅಣ್ಣಿಗೇರಿ ಸರ್, ಮೆತ್ತಗೆ.

“ನಾ ಹೇಳೂದಿಲ್ರಿ ಸರ. ದಿನಾ ಮುಂಜಾನೆ ಮಗ್ಗಿ ಹೇಳಿದ್ಹಂಗ ಹೇಳೀವಿ. ಈಗ ನನ್ನ ಬಾಯಾಗ ಅದು ಒಬ್ರ ಹೆಸರು ಅನಸವಲ್ತು.” ಆಮೇಲೆ ನನ್ನ ಕಡೆ ತಿರುಗಿದಳು. “ಅಜ್ಜಾರ, ಸಿಟ್ಟಾಗಬ್ಯಾಡ್ರಿ. ನಿಮಗ ಮೆಟ್ಟಲಾ ಹತ್ತಾಕ ಆಗತೈತೇನ್ರಿ? ಮ್ಯಾಲ ಬರ್ರಿ.”

“ತಂಗಿ, ಮಿರ್ಚಿ ಗಾಡಿ ದಬ್ಬಿದ ಕಾಲಿವು. ನೀ ಮುಂದ ನಡಿ,” ಎಂದೆ.

ಸಭಾಂಗಣದ ಚಾವಣಿಯ ಮೇಲೂ ತಂಪುಸಂತೆಯ ಹಾಗೆಯೇ ಹುಲ್ಲು ಹುಲುಸಾಗಿತ್ತು. ಹುಲ್ಲಿನ ನಡುವೆ ನೀರು ನಿಂತಿತ್ತು. ಹೋದ ವಾರದ ಮಳೆಯ ನೀರು. ಅದರಲ್ಲಿ ಆಗಲೇ ಹುಳ ಹರಿದಾಡುತ್ತಿದ್ದವು. ಕೊಳವೆಯ ಬಾಯಿ ನೀರಿಗಿಂತ ಮೇಲೆ, ಒಣಗಿಕೊಂಡು ನಮ್ಮನ್ನು ನೋಡುತ್ತಿತ್ತು. ಹೆಚ್ಚುಕಡಿಮೆ ಒಂದು ಗೇಣು. ನಾವು ನಿಂತಿದ್ದ ಜಾಗದ ಕೆಳಗೇ ಅವಳ ಸ್ಟೂಲು, ಮಖಮಲ್ಲಿನ ಮೇಲೆ. ಅದರ ಸುತ್ತ ಮಕ್ಕಳು ಬಾಯಿಪಾಠ ಒಪ್ಪಿಸಲು ಕಾಯುತ್ತಿದ್ದರು.

ಮೆಹರೂನ್ ಇದನ್ನು ಮೊದಲೇ ಹೇಳಿದ್ದಳಂತೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದೇ ಚಾವಣಿ ಬೇಕೆಂದು ಕೇಳಿದ್ದಳಂತೆ. ಪ್ರಾಜೆಕ್ಟಿನ ಪಟ್ಟಿ ತಂಡದ ಕೈಗೆ ಹೋಗುತ್ತದೆ, ಬೇರೆ ವಿಷಯ ತಗೋ, ಇದನ್ನು ತಂಡ ಬಂದುಹೋದ ಮೇಲೆ ರಿಪೇರಿ ಮಾಡಿಸೋಣ ಎಂದರಂತೆ ಅಣ್ಣಿಗೇರಿ ಸರ್. ಅವಳು ದೂರು ಹೇಳುವ ಹಾಗೆ ಹೇಳಲಿಲ್ಲ. ಕೋಲಿನಿಂದ ನೀರಿನ ಆಳ ನೋಡುತ್ತಲೇ ಹೇಳಿದಳು.

ಮಕ್ಕಳನ್ನು ಸಭಾಂಗಣದಿಂದ ಹೊರಗೆ ಕಳಿಸಿ, ತಂಡದ ನಾವು ಮೂವರೂ ಪಕ್ಕದ ಕೋಣೆಯಲ್ಲಿ ಕೂತೆವು. ಮೇಲೆ ಕಂಡದ್ದನ್ನು ನಾನು ಹೇಳಿದೆ. ಬೀದರಿನಿಂದ ಬಂದಿದ್ದ ಮೇಡಂ ಮಾನ್ಯತೆ ಕೊಡಲಾಗದು ಎಂದರು. ಮಂಗಳೂರಿನ ಪ್ರೊಫೆಸರು ಒಪ್ಪಲಿಲ್ಲ. ಕಟ್ಟಡ ಆಡಳಿತ ಮಂಡಳಿಯದು, ನಾವು ಅಳೆಯಬೇಕಾದದ್ದು ಪಾಠವನ್ನು. ಹಾಗೆ ನೋಡಿದರೆ ಆ ಹುಡುಗಿಗೆ ತಪ್ಪು ಕಾಣಿಸುವಷ್ಟು ಪಾಠ ಇಲ್ಲಿಯೇ ಸಿಕ್ಕಿದೆಯಲ್ಲ ಎಂದರು. ಆ ಮಾತು ನನ್ನನ್ನು ಕಟ್ಟಿಹಾಕಿತು. ಅದು ನಿಜವಿತ್ತು. ಉಳಿದದ್ದು ನನ್ನ ಕುರ್ಚಿ.

ನಾನು ಹೊರಗೆ ಬಂದೆ. ಮೆಹರೂನ್ ಮೆಟ್ಟಿಲ ಹತ್ತಿರ ಚಪ್ಪಲಿಯ ಕೆಸರು ಕೆರೆಯುತ್ತಿದ್ದಳು. ನಮ್ಮೂರಿಗೆ ಒಬ್ಬ ಕೆರೆ ಎಂಜಿನಿಯರ್ ಬೇಕಾಗಿದ್ದಾರೆ, ಅವಳು ಆ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ ಎಂದು ಆಗಲೇ ಗೊತ್ತಾಗಿತ್ತು.

“ನಾ ಬ್ಯಾಡ ಅಂದ್ರ ನಿನ್ನ ಡಿಗ್ರಿ ಹೊಕ್ಕೈತಿ. ಗೊತ್ತೈತಿಲ್ಲೋ?”

“ಗೊತ್ತೈತ್ರಿ.”

“ಗೊತ್ತಿದ್ದೂ ಮ್ಯಾಲ ಕರ್ಕೊಂಡು ಹೋದಿ?”

“ಮತ್ತೇನ್ ಮಾಡ್ಲ್ರಿ? ನೀವು ಅದರ ಕೆಳಗ ಕುಂತಿದ್ರಿ.” ಚಪ್ಪಲಿ ಕಾಲಿಗೆ ಹಾಕಿಕೊಳ್ಳುತ್ತ ಹೇಳಿದಳು, “ಇನ್ನ ಮುಂದಿಂದು ನನ್ನ ಕೇಳಬ್ಯಾಡ್ರಿ ಅಜ್ಜಾರ. ಕುರ್ಚಿ ನಿಮ್ದೈತಿ.”

ನಾನು ಒಳಗೆ ಹೋಗಿ ಬೇಡ ಎಂದೆ. ಜಮಾ ಕಡೆ ಏನು, ಖರ್ಚಿನ ಕಡೆ ಏನು ಎಂದು ಅವತ್ತಿನಿಂದ ತೂಗುತ್ತಿದ್ದೇನೆ, ಬಾಕಿ ಸರಿಹೊಂದುತ್ತಿಲ್ಲ. ಜೀವಮಾನದಲ್ಲಿ ಮೊದಲ ಸಲ ಲೆಕ್ಕ ಸೋತಿದೆ. ಆ ಕಾಲೇಜಿನಲ್ಲಿ ನಿಜವಾದ ಎಂಜಿನಿಯರ್ ಒಬ್ಬಳು ತಯಾರಾಗಿದ್ದಳು. ನನ್ನ ಒಂದು ಮಾತಿಗೆ ಅವಳು ಎಂಜಿನಿಯರ್ ಅಲ್ಲ ಎಂದಾಯಿತು.

ಹೊರಡುವಾಗ ಅಣ್ಣಿಗೇರಿ ಸರ್ ಬಂದರು. ಜವಾನನನ್ನು ಕರೆಯದೆ ತಾವೇ ಸ್ಟೂಲನ್ನು ವೇದಿಕೆಯಿಂದ ಎತ್ತಿ ತಂದು ನನ್ನ ಗಾಡಿಯಲ್ಲಿ ಇಟ್ಟರು. “ಮೊದಲ ಸಲ ನಾ ಅತ್ತದ್ದು ಖರೇನ ಇತ್ತು, ಗುದ್ನೆಪ್ಪಾರ,” ಎಂದರು. “ಗೊತ್ತೈತ್ರಿ ಸರ,” ಎಂದೆ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಈಗ ಮಾನ್ಯತೆ ಕೊಡುವ ಮಂಡಳಿಯವರು ನಮೂನೆಗೆ ಇನ್ನೊಂದು ಮನೆ ಸೇರಿಸಿದ್ದಾರೆ: ‘ತಂಡದವರನ್ನು ಚಾವಣಿಗೆ ಕರೆದೊಯ್ಯಲಾಯಿತು.’ ಅದಕ್ಕೂ ಮೂರು ಅಂಕ. ಪಕ್ಕದ ಊರಿನ ಕಾಲೇಜಿನವರು ಮೆಟ್ಟಿಲಿಗೆ ಕಂಬಳಿ ಹಾಸಿ, ಮೇಲೆ ಮಜ್ಜಿಗೆಯ ವ್ಯವಸ್ಥೆ ಮಾಡಿದ್ದಾರಂತೆ. ಮಜ್ಜಿಗೆ ನಮ್ಮ ಖಾನಾವಳಿಯಿಂದಲೇ ಬೇಕೆಂದು ಕೇಳಿ ಕಳಿಸಿದ್ದರು. ನಗು ಬಂತು, ಆಮೇಲೆ ಬಹಳ ಹೊತ್ತು ಅಳು ನಿಲ್ಲಲಿಲ್ಲ.

ಮೆಹರೂನ್ ಈಗ ಬಿಸಿಲುಹಲಗೆ ಒರೆಸುವ ಗುತ್ತಿಗೆಯಲ್ಲಿ ಕೆಲಸ ಮಾಡುತ್ತಾಳೆ. ಬಿಸಿಲುಹಲಗೆ ಎಂದರೆ ಮನೆಮನೆಗೆ ಕರೆಂಟು ಕೊಡುವ ಗಾಜಿನ ಹಲಗೆ. ದಿನಾ ಧೂಳು ಒರೆಸಬೇಕು. ಕೆರೆಯ ಏರಿ ಒಂದು ಕಡೆ ಒಸರುತ್ತಿದೆ ಎಂದು ಅವಳು ಪುರಸಭೆಗೆ ಹೇಳಿದಳು. ಮಾನ್ಯತೆ ಇಲ್ಲದ ಡಿಗ್ರಿಯವರ ವರದಿ ತಗೊಳ್ಳಲು ಬರುವುದಿಲ್ಲ ಎಂದರು. ಕೆರೆ ಎಂಜಿನಿಯರರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಮೋಡಗಂಟೆ ಬಾರಿಸಿದಾಗ ಊರೆಲ್ಲ ಚಾವಣಿಯ ಕೆಳಗೆ ಓಡಿದರೆ, ಆ ಹುಡುಗಿ ಒಂದು ಕೋಲು ಹಿಡಿದು ಹೊಸ ತಂಪುಸಂತೆಯ ಚಾವಣಿಯ ಮೇಲೆ ಓಡುತ್ತಾಳೆ, ಕೊಳವೆಯ ಬಾಯಿ ಬಿಡಿಸಲು. ಆಮೇಲೆ ತೊಯ್ದು ತಪ್ಪಡಿಯಾಗಿ ನಮ್ಮಲ್ಲಿಗೆ ಬಂದು ಚಹಾ ಕುಡಿಯುತ್ತಾಳೆ. ಒಂದು ದಿನ ನಾನಾಗಿಯೇ ಕೇಳಿದೆ, ನನ್ನ ಮೇಲೆ ಸಿಟ್ಟಿದೆಯೇನವ್ವಾ ಎಂದು. “ನೀವು ಮಾಡಿದ್ದು ಬರೋಬ್ಬರಿ ಐತ್ರಿ,” ಎಂದಳು. ಬಸಿಯಲ್ಲಿ ಚಹಾ ಆರಿಸುತ್ತ, ಮುಖ ಎತ್ತದೆ, “ಬಿದ್ದದ್ದು ಮಾತ್ರ ನನ್ನ ಮ್ಯಾಲ ಬಿತ್ತು,” ಎಂದಳು.

ಹಿರಿಯರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನೊಂದವರ ಕುರ್ಚಿಯನ್ನು ನಿಮ್ಮ ಕಾಲದಲ್ಲಿಯೇ ಶುರು ಮಾಡಿ ಎಂದು ಕೇಳುವುದಿಲ್ಲ. ಕುರ್ಚಿ ಬರಬೇಕಾದರೆ ಮೊದಲು ಅದು ಖಾಲಿಯಾಗಬೇಕು. ನಿಮ್ಮ ಕಾಲೇಜಿಗೆ ತಂಡ ಬರುವ ದಿನ ಹತ್ತಿರ ಬಂದಿರಬಹುದು. ಬಣ್ಣ ಬಳಿಸಿ, ಕಡತ ಜೋಡಿಸಿ, ಹೂಗುಚ್ಛ ತರಿಸಿ, ಬೇಡ ಎನ್ನುವುದಿಲ್ಲ. ನಾನೂ ಪಾತ್ರೆ ತಿಕ್ಕಿಸಿದವನೇ. ಅದಕ್ಕೆ ಮೊದಲು, ಯಾರೂ ನೋಡದಿರುವ ಒಂದು ದಿನ, ಯಾವ ಅಂಕಕ್ಕೂ ಬಾರದ ಹಾಗೆ, ಒಂದು ಕೊಡ ನೀರು ಹೊತ್ತುಕೊಂಡು ನಿಮ್ಮ ಕಟ್ಟಡದ ಮೇಲೆ ಹತ್ತಿ. ಸುರಿಯಿರಿ. ಎಲ್ಲಿ ಹೋಗುತ್ತದೆ ನೋಡಿ. ನಿಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಸರ್, ಇಲ್ಲಿ ನಿಂತಿತು ಎಂದರೆ, ತಂಡ ಹೋದ ಮೇಲೆ ನೋಡೋಣ ಎನ್ನಬೇಡಿ. ಅಂಥ ಮಗು ಎಲ್ಲ ವರ್ಷವೂ ಸಿಗುವುದಿಲ್ಲ.

ಇಷ್ಟು ಬರೆದೆ, ನನ್ನ ಹೆಂಡತಿಯ ಹೆಸರು ಬರೆಯಲಿಲ್ಲ, ಗಮನಿಸಿರುತ್ತೀರಿ. ಬರೆದರೆ ನೀವು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಗೋಡೆಗೆ ಹಾಕಿಸುತ್ತೀರಿ, ಮಕ್ಕಳಿಗೆ ಕಲಿಸುತ್ತೀರಿ. ನಮ್ಮೂರ ಮಕ್ಕಳು ಸವೆಸಿ ಬಿಟ್ಟ ಮೇಲೆ ಅದರಲ್ಲಿ ನನಗೆ ಉಳಿದಿರುವುದೇ ಸ್ವಲ್ಪ. ಸ್ಟೂಲನ್ನು ಮತ್ತೆ ಗಲ್ಲಾದ ಹಿಂದೆ ಇಟ್ಟಿದ್ದೇನೆ. ಕಾಲೇಜಿನಿಂದ ಅದರ ಜೊತೆಗೇ ಬಂದಿದ್ದ ಚಕ್ಕೆಯನ್ನು ಬಿಸಾಡಿದೆ. ಕೂತರೆ ಮೊದಲಿನ ಹಾಗೆಯೇ ಒಂದು ಕಡೆ ವಾಲುತ್ತದೆ.

ನಿಮ್ಮ,
ಗುದ್ನೆಪ್ಪ ಮ್ಯಾಗೇರಿ