ಎರಡೂ ಎಡಗೈ ತೋಳು

ಹೊಲಿಗೆ ಅಂಗಡಿಯ ಹಿಂದಿನ ಕೋಣೆ,
ಜೂನ್ ಎಂಟು, ಭಾನುವಾರ ಮಧ್ಯಾಹ್ನ

ಮುಂದಿನ ಸಾಲಿನ ಹಿರಿಯರೇ, ಹಿಂದೆ ನಿಂತ ಗೆಳೆಯರೇ, ಕಂಬ ಹತ್ತಿ ಕುಳಿತ ಪುಂಡರೇ, ಸದ್ದು! ಸದ್ದು! ಪರದೆ ಏಳುತ್ತಿದೆ!

ಪ್ರೀತಿಯ ತಂಗೀ, ನಗಬೇಡ. ಒಬ್ಬಳಿಗೆ ಬರೆಯುವ ಕಾಗದವನ್ನೂ ನಿನ್ನಣ್ಣ ಸಾವಿರ ಜನಕ್ಕೆ ಕೂಗಿ ಹೇಳುವವನ ಹಾಗೆಯೇ ಶುರುಮಾಡುತ್ತಾನೆ. ಅಪ್ಪ ನಾಟಕ ಕಂಪನಿಗೆ ಉಡುಪು ಹೊಲೆಯುತ್ತಿದ್ದಾಗ ನಾವಿಬ್ಬರೂ ಬಣ್ಣದ ಕೋಣೆಯಲ್ಲೇ ತಾನೇ ಬೆಳೆದದ್ದು? ನಾನು ರಾಜರ ಮಾತು ಕಲಿತೆ, ನೀನು ರಾಜರ ಅಂಗಿಗೆ ಗುಂಡಿ ಹಾಕುವುದನ್ನು ಕಲಿತೆ. ಇರಲಿ, ಹೇಗಿದ್ದೀಯ? ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ದಿನವಿಡೀ ಹೊದಿಕೆಗಳ ಅಂಚು ಹೊಲೆಯುವ ಕೆಲಸವಂತೆ, ನಿನ್ನ ಅತ್ತಿಗೆ ಹೇಳಿದಳು. ಬೆನ್ನುನೋವು ಹೇಗಿದೆ? ಮಷೀನನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿಕೋ, ಕಣ್ಣಿಗೆ ಒಳ್ಳೆಯದು. ಇಲ್ಲಿ ನಿನ್ನ ಅತ್ತಿಗೆಗೆ ಏನೂ ತೊಂದರೆಯಿಲ್ಲ, ನನ್ನ ಜತೆ ಮಾತು ಕಡಿಮೆ ಅಷ್ಟೇ. ನನ್ನ ಗಂಟಲು ಎಂದಿನಂತೆ ಗಟ್ಟಿ. ಎದುರು ಸಾಲಿನ ಬೀಗದ ರಿಪೇರಿಯವನು ಈಗಲೂ ನನ್ನ ಮಾತು ಕೇಳಿ ಬೆಚ್ಚಿ ಸ್ಪ್ರಿಂಗು ಕಳೆದುಕೊಳ್ಳುತ್ತಾನೆ.

ನೀನು ಹೋಗಿ ಎಂಟು ತಿಂಗಳಾಯಿತು. ಆ ದಿನದ ಮಾತೆತ್ತದೆ ಮೂರು ಕಾಗದ ಬರೆದೆ, ಮೂರನ್ನೂ ಹರಿದೆ. ಇದರಲ್ಲಿ ಎತ್ತುತ್ತೇನೆ.

ಹೆಡ್‌ಮೇಷ್ಟ್ರ ಬೀಳ್ಕೊಡುಗೆಗೆ ಕೋಟು. ಅಂಗಡಿಯ ತುಂಬ ಗಿರಾಕಿಗಳು. ನೀನು ಮೆಲ್ಲಗೆ ಬಂದು, “ಅಣ್ಣಾ, ಬಟ್ಟೆ ಮಡಚಿಕೊಂಡು ಗುರುತು ಹಾಕಿ ಕತ್ತರಿಸೋ, ಆಮೇಲೆ ಇದೇ ಬಟ್ಟೆ ಸಿಗಲ್ಲ” ಎಂದೆ. ಚಾಕ್ ಹಿಡಿದು ಗೆರೆ ಎಳೆಯಲು ನಾನೇನು ಹೊಸಬನೇ? ಬೀದಿಗೆಲ್ಲ ನಾನು ‘ಚಾಕಿಲ್ಲದ ಮಾಸ್ಟರ್’! ಬಟ್ಟೆಯನ್ನು ಬಿಡಿಸಿ ಒಂದೇ ಪದರ ಹಾಸಿ, ಯುದ್ಧಕ್ಕೆ ಹೊರಟವನಂತೆ ಕತ್ತರಿಯೆತ್ತಿ, ಒಂದು ತೋಳು ಕತ್ತರಿಸಿದೆ. ಅದನ್ನು ಮಗುಚದೆ ಹಾಗೇ ಇಟ್ಟು ಇನ್ನೊಂದನ್ನೂ ಕತ್ತರಿಸಿದೆ. ನೋಡಿದವರು ಭೇಷ್ ಎಂದರು. ಎರಡೂ ಎಡಗೈಯ ತೋಳು! ಬಟ್ಟೆ ಮಡಚಿ ಕತ್ತರಿಸುವ ಹೊಸ ಕೈಗೂ ಆಗದ ತಪ್ಪು.

ಬೀಳ್ಕೊಡುಗೆಯ ಹಿಂದಿನ ದಿನ ಮೇಷ್ಟ್ರು ಬಂದು ಕೋಟಿನೊಳಗೆ ಕೈ ತೂರಿಸಿದಾಗ ಬಲಗೈ ತಿರುಚಿಕೊಂಡು ನಿಂತಿತು. ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ನಾನು ತಡಬಡಿಸಲಿಲ್ಲ ತಂಗೀ, ಅದೇ ಘೋರ. ಕಂಠಪಾಠ ಮಾಡಿದವನ ಹಾಗೆ ಹೇಳಿಬಿಟ್ಟೆ: “ನನ್ನ ತಂಗಿ ಕತ್ತರಿಸಿದ್ದು ಸಾರ್. ಕಲೀಲಿ ಅಂತ ಕೊಟ್ಟೆ, ನೋಡಿ ಗತಿ!” ನೀನು ಮೂಲೆಯಲ್ಲಿ ಗುಂಡಿಗೆ ಕಾಜಾ ಹೊಲೆಯುತ್ತಿದ್ದವಳು, ಸೂಜಿ ಚುಚ್ಚದಂತೆ ಹಾಕಿದ್ದ ಬೆರಳ ಟೊಪ್ಪಿ ತೆಗೆದಿಟ್ಟೆ. “ಅಣ್ಣಾ, ಯಾರು ಕತ್ತರಿಸಿದ್ದು ಅಂತ ನೀನೇ ಇನ್ನೊಂದ್ಸಲ ಹೇಳು.” ನಾನು ಹೇಳಿದೆ, ಇನ್ನೂ ಜೋರಾಗಿ. ಆಗ ನೀನು, “ನಿನ್ನ ತಪ್ಪು ನಾನು ಯಾರಿಗೂ ಹೇಳಲ್ಲ. ಆದ್ರೆ ನಾನೇ ಮಾಡ್ದೆ ಅಂತ ಒಪ್ಕೊಂಡು ಈ ಮಷೀನಿನ ಮುಂದೆ ಕೂರಲ್ಲ” ಎಂದೆ. ಅದು ನನ್ನ ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಹಾಗೆಂದವಳು ತಕ್ಷಣ ಹೊರಟೆಯಾ? ಇಲ್ಲ. ಮೇಷ್ಟ್ರದೇನು ತಪ್ಪು ಎಂದು ಉಳಿದ ತುಂಡುಗಳನ್ನು, ಜೋಡಣೆ ಕಂಕುಳ ಕೆಳಗೆ ಮರೆಯಾಗುವಂತೆ ಸೇರಿಸಿ, ಬಲಗೈಗೊಂದು ತೋಳು ಮಾಡಿಕೊಟ್ಟು, ಇಸ್ತ್ರಿಯನ್ನೂ ಹಾಕಿ, ಆಮೇಲೆ ಚೀಲ ಎತ್ತಿಕೊಂಡೆ. ಆ ಕೋಟಿಗೆ ಸಭೆಯಲ್ಲಿ ಹೊಗಳಿಕೆ ಬಂತು. ಎದ್ದು ನಿಂತು ಕೈಮುಗಿದವನು ನಾನು! ಶಾಲೆಯ ಹುಡುಗಿಯರಿಗೆ ಹೊಲಿಗೆ ಕಲಿಸಲು ನಿನ್ನನ್ನು ಕರೆಯುವುದು ಆಗಲೇ ನಿಶ್ಚಯವಾಗಿತ್ತು. “ತೋಳು ಯಾವ ಕಡೇದು ಅಂತ ತಿಳೀದವಳು ಮಕ್ಕಳಿಗೇನು ಕಲಿಸ್ತಾಳೆ” ಎಂದು ಶಾಲೆಯವರು ಅದನ್ನು ನಿಲ್ಲಿಸಿದರು. ಅದೂ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ನಿನಗೆ ಎಷ್ಟು ಉಪದೇಶ ಮಾಡಿದ್ದೇನೆ! “ನಿನಗೆ ನಿನ್ನ ಮೇಲೇ ಮೆಚ್ಚಿಗೆ ಇಲ್ಲ ಕಣೇ. ನನ್ನನ್ನ ನೋಡು, ಎದೆ ಹೇಗೆ ಉಬ್ಬಿಸ್ಕೊಂಡು ನಡೀತೀನಿ” ಎನ್ನುತ್ತಿದ್ದೆ. ನೀನು ಸೂಜಿಗೆ ದಾರ ಪೋಣಿಸುತ್ತಾ, “ನಾನೇನು ಮಹಾ ಬಿಡಣ್ಣ, ನನಗೆ ಬಂದಷ್ಟು ಹೊಲೀತೀನಿ” ಎನ್ನುತ್ತಿದ್ದೆ. ನಿನ್ನನ್ನು ಅಂಜುಬುರುಕಿ ಎಂದುಕೊಂಡಿದ್ದೆ. ನನಗೆ ನನ್ನ ಮೇಲೆ ಇದ್ದದ್ದು ಬೆಟ್ಟದಷ್ಟು ಮೆಚ್ಚಿಗೆ, ಸರಿ. ಆದರೆ ನಾಲ್ಕು ಜನ ನಕ್ಕ ಕೂಡಲೇ ಅದು ಮುರಿದು ಬೀಳುವಂತಿತ್ತು, ನಿಲ್ಲಿಸಲು ನಿನ್ನನ್ನೇ ಊರುಗೋಲು ಮಾಡಿಕೊಂಡೆ. ನಿನಗೆ ನಿನ್ನ ಬಗ್ಗೆ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ. ಆದರೂ ಯಾವ ಕೆಲಸ ಮಾಡಿದರೆ ನಿನ್ನ ಮುಖ ನೀನು ನೋಡಿಕೊಳ್ಳಲಾರೆ ಎಂಬುದು ನಿನಗೆ ಚೆನ್ನಾಗಿ ಗೊತ್ತಿತ್ತು. ಅಂಥದೊಂದು ಗೆರೆ ನನ್ನಲ್ಲಿ ಎಲ್ಲೂ ಇರಲಿಲ್ಲ.

ಇಷ್ಟು ತಿಳಿದವನು ತಿದ್ದಿಕೊಂಡಿದ್ದಾನೆ ಎಂದುಕೊಳ್ಳಬೇಡ. ಮೊನ್ನೆ ಗುರುವಾರ ಮೇಷ್ಟ್ರು ಪ್ಯಾಂಟಿನ ಅಳತೆಗೆ ಬಂದಿದ್ದರು. “ನಿನ್ನ ತಂಗೀನ ಕಳಿಸಿದ್ದು ಒಳ್ಳೇದೇ ಆಯ್ತಪ್ಪ, ನಿನ್ನಂಥ ಕಲಾವಿದನ ಹೆಸರು ಕೆಡ್ತಿತ್ತು” ಎಂದರು. ಟೇಪು ಅವರ ಸೊಂಟದ ಸುತ್ತ ಇತ್ತು, ಅಂಗಡಿಯಲ್ಲಿ ಮತ್ತೊಂದು ಪ್ರಾಣಿ ಇರಲಿಲ್ಲ. ನಗುವವರೂ ಇಲ್ಲ, ಚಪ್ಪಾಳೆಯವರೂ ಇಲ್ಲ. ನಾನು ಹೇಳಿದೆ: “ಹೌದು ಸಾರ್.” ಅವರು ಹೋದ ಮೇಲೆ ನಿನ್ನ ಅತ್ತಿಗೆ ಒಳಬಾಗಿಲಲ್ಲಿ ನಿಂತು, “ಈಗಲೂನಾ?” ಎಂದಳು, ಅಷ್ಟೇ.

ಕ್ಷಮಿಸು ಎಂದು ಕೇಳಲು ನಾಲಿಗೆ ಏಳುತ್ತಿಲ್ಲ. ಹೊತ್ತು ಹೊತ್ತಿಗೆ ಊಟ ಮಾಡು. ಎಲ್ಲಿದ್ದರೂ ತಲೆಯೆತ್ತಿಕೊಂಡಿರು, ಅದನ್ನು ನಾನು ನಿನಗೆ ಹೇಳಿಕೊಡಬೇಕಾಗಿಲ್ಲ. ಅತ್ತಿಗೆಯ ಆಶೀರ್ವಾದ.

ಇಂತಿ,
ನಿನ್ನ ಅಣ್ಣ

ಮರೆಯುವ ಮುಂಚೆ: ಹೊಲಿಗೆ ಕಲಿಸುವವರು ಬಿಟ್ಟುಹೋದರೆಂದು ಶಾಲೆಯ ಸಮಿತಿ ನಾಳೆ ಸೇರುತ್ತಿದೆ, ಮೇಷ್ಟ್ರೂ ಅದರಲ್ಲಿದ್ದಾರೆ. ನಿನ್ನನ್ನೇ ಕರೆಯುತ್ತಾರೋ ಇಲ್ಲವೋ, ಕರೆದರೂ ನೀನು ಬರುತ್ತೀಯೋ ಇಲ್ಲವೋ, ಅದು ನನ್ನ ಕೈಯಲ್ಲಿಲ್ಲ. ನನಗಾಗಿ ಮಾತ್ರ ಬರಬೇಡ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಬಾಗಿಲು ತೆಗೆಯದೆ ನೇರ ಅಲ್ಲಿಗೆ ಹೋಗುತ್ತೇನೆ. ಎಲ್ಲರೂ ಕೂತ ಮೇಲೆ, ತೋಳು ಕೆಡಿಸಿದವನು ನಾನು, ಕೋಟು ಉಳಿಸಿದವಳು ಅವಳು ಎಂದು ಮೆಲ್ಲಗೆ ಹೇಳುತ್ತೇನೆ.