ಬ್ಲೇಡಿಗೆ ಕಾದಿರುವ ನಾನೂರು ಚೆಂಡುಗಳು

ಕ್ರೀಡಾಂಗಣದ ಮಾನ್ಯ ಆಡಳಿತಾಧಿಕಾರಿಗಳೇ,

ಉಗ್ರಾಣದಲ್ಲಿರುವ ಹಳೆಯ ಚೆಂಡು, ಬೂಟು, ಅಂಗಿಗಳನ್ನೆಲ್ಲ ಸೋಮವಾರದೊಳಗೆ ಬ್ಲೇಡಿನಿಂದ ಸೀಳಿ, ಹಿಂಬದಿಯ ಗುಂಡಿಯಲ್ಲಿ ಸುಡಬೇಕೆಂಬ ತಮ್ಮ ಆದೇಶ ನನ್ನ ಕೈಸೇರಿದೆ. ಸೀಳುವುದೇಕೆ? ಯಾರೂ ಎತ್ತಿಕೊಂಡು ಹೋಗಿ ಮತ್ತೆ ಆಡದಿರಲಿ ಎಂದು. ಸುಡುವುದೇಕೆ? 'ಹಸಿರು ಕ್ರೀಡಾಕೂಟ'ಕ್ಕೆ ಹೊಸ ಸರಕು ಬರುತ್ತಿದೆ, ಜಾಗ ಬೇಕು ಎಂದು. ಅದರಲ್ಲಿನ ಅಂಗಿಗಳನ್ನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ನೇಯ್ದಿದ್ದಾರಂತೆ. ಪರಿಸರ ಉಳಿಸುವ ಅಂಗಿಗೆ ಜಾಗ ಮಾಡಲು ಗಟ್ಟಿಮುಟ್ಟಾದ ಅಂಗಿಗೆ ಬೆಂಕಿ! ಭೇಷ್, ಸ್ವಾಮಿ. ಬಾಟಲಿ ಕರಗಿಸಲು ಉರುವಲು, ಬಣ್ಣ ಹಾಕಲು ನೀರು, ಹೊತ್ತು ತರಲು ಹಡಗು ಬೇಡವೇ? ಈಗಾಗಲೇ ಮೈಮೇಲಿರುವ ಅಂಗಿಗಿಂತ ಹಸಿರಾದ ಅಂಗಿಯನ್ನು ಎಲ್ಲಿಂದ ತರುತ್ತೀರಿ?

ನಾನು ಇಪ್ಪತ್ತೆರಡು ವರ್ಷಗಳಿಂದ ಇದೇ ಉಗ್ರಾಣದಲ್ಲಿ ಚೆಂಡು ಹೊಲಿಯುವವಳು. ತಾವು ನನ್ನನ್ನು ನೋಡಿರಲಿಕ್ಕಿಲ್ಲ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಗೆ ತಾವೇಕೆ ಬಂದೀರಿ? ಕಾಲ್ಚೆಂಡಿನ ಮೂವತ್ತೆರಡು ತುಂಡುಗಳಲ್ಲಿ ಕಿತ್ತುಹೋಗುವುದು ಎರಡೋ ಮೂರೋ. ಅಷ್ಟನ್ನು ಬಿಚ್ಚಿ, ಒಳಗಿನ ರಬ್ಬರ್ ಚೀಲಕ್ಕೆ ತೇಪೆ ಹಾಕಿ, ಮೇಣ ಸವರಿದ ದಾರದಿಂದ ಮತ್ತೆ ಹೊಲಿಯುತ್ತೇನೆ. ಕೊನೆಯ ಗಂಟನ್ನು ಸೂಜಿಯಿಂದ ಒಳಕ್ಕೆ ತಳ್ಳಿಬಿಟ್ಟರೆ ಹೊಲಿದವಳಿಗಲ್ಲದೆ ಇನ್ನಾರಿಗೂ ಗುರುತು ಸಿಗದು. ಚೆಂಡು ಇನ್ನೂ ಎರಡು ವರ್ಷ ಆಡಲು ಬರುತ್ತದೆ.

ತಮಗೂ ಗುರುತು ಸಿಗಲಿಲ್ಲವಲ್ಲ! ಕಳೆದ ತಿಂಗಳು ಮಾದರಿಗೆಂದು ಬಂದ ಹೊಸ ಚೆಂಡುಗಳ ಪರೀಕ್ಷೆಗೆಂದು ತಾವು ಮೈದಾನಕ್ಕೆ ಬಂದಿರಿ. ಅವಕ್ಕೆ ಯಾರೂ ಗಾಳಿಯನ್ನೇ ತುಂಬಿರಲಿಲ್ಲ. ತರಬೇತುದಾರರು ಗಾಬರಿಯಾಗಿ ನನ್ನ ಬುಟ್ಟಿಯಿಂದ ಒಂದನ್ನೆತ್ತಿ, ಒರೆಸಿ, ತಮ್ಮ ಕಾಲ ಮುಂದಿಟ್ಟರು. ತಾವು ಒದ್ದಿರಿ.

"ನೋಡ್ರೀ, ಹೊಸದು ಅಂದ್ರೆ ಹೊಸದೇ! ಆ ಹಳೇ ಗುಜರೀನೆಲ್ಲ ಮೊದ್ಲು ಸುಟ್ಹಾಕಿ," ಅಂದಿರಿ.

ಅದು ನಾನು ಮೂರು ಬಾರಿ ಹೊಲಿದಿದ್ದ ಚೆಂಡು. ಆಮೇಲೆ ತರಬೇತುದಾರರು ಬಂದು, "ಅಕ್ಕಾ, ದಮ್ಮಯ್ಯ, ಬಾಯ್ಬಿಡ್ಬೇಡಿ" ಎಂದು ಅಂಗಲಾಚಿದರು. ನಾನು ಬಾಯಿ ಬಿಡಲಿಲ್ಲ. ಮೊನ್ನೆ ತಮ್ಮ ಆದೇಶ ಓದಿ ಅವರೇ ಬಂದರು: "ಬರೀರಿ ಅಕ್ಕಾ, ಆದದ್ದಾಗ್ಲಿ." ಅವರ ಮೇಲೆ ಹಾರಾಡಬೇಡಿ. ಒದ್ದವರು ತಾವು, ಹೊಗಳಿದವರೂ ತಾವು.

ಆ ಗುಂಡಿಯ ಗೋಡೆಯಾಚೆ ನನ್ನ ತಂಗಿಯ ಮನೆಯಿದೆ. ಹೋದ ವರ್ಷ ಸುಟ್ಟಾಗ ಬೂಟಿನ ರಬ್ಬರು ಮೂರು ದಿನ ಹೊಗೆಯಾಡಿತು. ಒಗೆದು ಹರವಿದ ಬಟ್ಟೆಗೆಲ್ಲ ಮಸಿ, ಅವಳ ಮಗುವಿಗೆ ಬಿಡದ ಕೆಮ್ಮು.

"ಅಲ್ವೇ ಅಕ್ಕಾ, ನಿಮ್ಮ ಆಫೀಸ್‌ನೋರಿಗೆ ಮೂಗೇ ಇಲ್ವಾ?" ಎಂದಳು.

"ಇದೆ ಕಣೇ, ಎಸಿ ರೂಮಲ್ಲಿದೆ," ಎಂದೆ. ಅವಳಿಗೆ ನಗು ಬರಲಿಲ್ಲ. ನನಗೂ ಬರಲಿಲ್ಲ.

ಆದ್ದರಿಂದ ಆದೇಶವನ್ನು ಹಿಂಪಡೆಯಿರಿ. ನಾನೂರು ಚೆಂಡು, ಇನ್ನೂರು ಜೊತೆ ಬೂಟು, ಲೆಕ್ಕ ತಪ್ಪುವಷ್ಟು ಅಂಗಿ, ಎಲ್ಲವನ್ನೂ ಆಡಲು ಏನೂ ಇಲ್ಲದ ಶಾಲೆಗಳಿಗೆ ಕೊಡಿ. ಹೊಲಿದು ಕೊಡಲು ನಾನಿದ್ದೇನೆ. ಆಗುವುದಿಲ್ಲವೆಂದರೆ ಕೇಳಿ: ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲಿದೆ. ಜವಾನನನ್ನು ಕಳಿಸಬೇಡಿ, ಕೊಡುವುದಿಲ್ಲ. ತಾವೇ ಇಳಿದು ಬನ್ನಿ. ನನ್ನೆದುರು ಕುಳಿತು ಒಂದೇ ಒಂದು ಚೆಂಡು ಹೊಲಿಯಿರಿ. ಎರಡು ಗಂಟೆ ಹಿಡಿಯುತ್ತದೆ, ದಾರ ಬೆರಳು ಕುಯ್ಯುತ್ತದೆ. ಅಷ್ಟಾದ ಮೇಲೂ ಅದಕ್ಕೆ ಬ್ಲೇಡು ಹಾಕಲು ತಮಗೆ ಮನಸ್ಸು ಬಂದರೆ, ಬೀಗದ ಕೈಯನ್ನು ನಾನೇ ಬಿಚ್ಚಿ ಕೊಡುತ್ತೇನೆ.

ಇಂತಿ,
ಮಂಗಳವಾರ ಕೆಲಸದಲ್ಲಿರುತ್ತೇನೋ ಇಲ್ಲವೋ ತಿಳಿಯದ,
ತಮ್ಮ ಚೆಂಡು ಹೊಲಿಯುವವಳು